ಪಕ್ಕದಲ್ಲಿ ಕುಳಿತು ಕೇಳುವುದು

ಸಂಗೀತದ ವಿಷಯದಲ್ಲಿ ‘ನನಗೆ ಹಿಡಿಸಲಿಲ್ಲ’ ಎಂಬ ಮಾತು ಬಹಳ ಸುಲಭವಾಗಿ ‘ಅದು ಚೆನ್ನಾಗಿಲ್ಲ’ ಎಂಬ ತೀರ್ಪಾಗಿ ಮಾರ್ಪಡುತ್ತದೆ. ಮೊದಲನೆಯದು ಕೇಳಿದವನನ್ನು ಕುರಿತ ಮಾತು. ಎರಡನೆಯದು ಹಾಡಿದವನನ್ನು ಕುರಿತ ಮಾತು. ಇವೆರಡರ ನಡುವಿನ ಅಂತರವನ್ನು ಅರಿಯುವುದೇ ವಿಮರ್ಶೆಯ ಮೊದಲ ಪಾಠ. ಈ ಪಾಠವನ್ನು ಪುಸ್ತಕಗಳಿಂದಲೂ ಕಲಿಯಬಹುದು. ಆದರೆ ನಮಗೆ ಪ್ರಿಯರಾದವರೊಬ್ಬರ ಜೊತೆಯಲ್ಲಿ, ಅವರಿಗೆ ಪ್ರಿಯವಾದರೂ ನಮಗೆ ಒಗ್ಗದ ಗಾಯನವೊಂದಕ್ಕೆ ಹೋಗಿ ಕುಳಿತಾಗ ಅದನ್ನು ಕಲಿಯದೆ ಗತ್ಯಂತರವಿಲ್ಲ. ಎದ್ದು ಹೋಗುವಂತಿಲ್ಲ, ಪಕ್ಕದಲ್ಲಿರುವವರು ಕಣ್ಣು ಮುಚ್ಚಿ ಆಲಿಸುತ್ತಿದ್ದಾರೆ. ಅವರಿಗೆ ಸಂಗೀತ ತಿಳಿಯದೆಂದು ತಳ್ಳಿಹಾಕುವಂತೆಯೂ ಇಲ್ಲ. ಅವರ ಬುದ್ಧಿ, ಹೃದಯಗಳನ್ನು ನಾವು ಬಲ್ಲೆವು. ಹಾಗಾದರೆ ಅವರಿಗೆ ಕೇಳಿಸುತ್ತಿರುವುದು ನಮಗೇಕೆ ಕೇಳಿಸುತ್ತಿಲ್ಲ? ಈ ಪ್ರಶ್ನೆಯನ್ನು ಶಿರಾ ಸೀಮೆಯ ಗಣೆ ಗಾಯನವನ್ನು ಮುಂದಿಟ್ಟುಕೊಂಡು ಇಲ್ಲಿ ವಿಚಾರ ಮಾಡಬಯಸುತ್ತೇನೆ.

ಗಣೆಯೆಂದರೆ ಬಿದಿರಿನ ವಾದ್ಯ. ಸಂಗೀತ ಕಚೇರಿಗಳಲ್ಲಿ ನಾವು ಕಾಣುವ ಕೊಳಲಿಗಿಂತ ಅದು ಬಹಳ ಉದ್ದವಾದದ್ದು. ಶಿರಾ, ಹಿರಿಯೂರು, ಚಳ್ಳಕೆರೆಗಳ ಬಯಲಿನಲ್ಲಿ ಹಟ್ಟಿಗಳನ್ನು ಕಟ್ಟಿಕೊಂಡು ದನ, ಕುರಿಗಳೊಡನೆ ಬಾಳಿದ ಕಾಡುಗೊಲ್ಲ ಸಮುದಾಯದವರು ತಮ್ಮ ವೀರನಾದ ಜುಂಜಪ್ಪನ ಕಥೆಯನ್ನು ಈ ಗಣೆಯ ನಾದದೊಡನೆ ಹಾಡುತ್ತಾರೆ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಬಳಿಯಿರುವ ಜುಂಜಪ್ಪನ ಗುಡ್ಡೆ ಈ ವೀರನ ಮುಖ್ಯ ನೆಲೆ. ಜುಂಜಪ್ಪ ದನಗಾಹಿ, ಸೋದರಮಾವಂದಿರ ಹಗೆಗೆ ಗುರಿಯಾದವನು, ಇಂದು ಆತನ ಜನರಿಗೆ ದೈವ. ಈ ಕಾವ್ಯವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪುಸ್ತಕರೂಪದಲ್ಲಿ ಪ್ರಕಟಿಸಿದೆ. ತೀ.ನಂ. ಶಂಕರನಾರಾಯಣ ಅವರಂಥ ಜಾನಪದ ವಿದ್ವಾಂಸರು ಕಾಡುಗೊಲ್ಲರ ಬದುಕನ್ನು ಆಳವಾಗಿ ಅಭ್ಯಾಸ ಮಾಡಿದ್ದಾರೆ. ಆದ್ದರಿಂದ ಇದು ಯಾರಿಗೂ ತಿಳಿಯದ ಕಲೆಯೇನಲ್ಲ. ಆದರೆ ಪುಸ್ತಕದಲ್ಲಿ ಓದುವುದು ಬೇರೆ. ರಾತ್ರಿಯಿಡೀ ಚಾಪೆಯ ಮೇಲೆ ಕುಳಿತು ಕೇಳುವುದು ಬೇರೆ.

ನಾನು ಅದನ್ನು ಕೇಳಲು ಹೋದದ್ದು ನನ್ನ ಮಾವನವರ ದೆಸೆಯಿಂದ. ಅವರು ಶಿರಾ ಸೀಮೆಯ ಹಳ್ಳಿಯೊಂದರಲ್ಲಿ ಹುಟ್ಟಿ, ಗೊಲ್ಲರ ಹುಡುಗರ ಜೊತೆಯಲ್ಲಿ ದನ ಕಾಯುತ್ತ ಬೆಳೆದವರು. ಭಾನುವಾರದ ಬಲಿಪೂಜೆಯನ್ನು ಒಮ್ಮೆಯೂ ತಪ್ಪಿಸದ ಕಥೋಲಿಕ ಕ್ರೈಸ್ತರು. ನಾನಾದರೋ ದೇವಾಲಯದ ಗಾನವೃಂದದಲ್ಲಿ ತರಬೇತಾದವನು. ನಾಲ್ಕು ಧ್ವನಿಗಳ ಮೇಳವನ್ನು, ಸ್ಪಷ್ಟವಾದ ಆರಂಭ ಮತ್ತು ಮುಕ್ತಾಯವನ್ನು, ಕೈಯಲ್ಲಿ ಹಿಡಿದ ಗೀತೆಗಳ ಪುಸ್ತಕವನ್ನು ನಂಬಿದ ಕಿವಿ ನನ್ನದು. ವಯಸ್ಸಾದ ಮೇಲೆ ಮಾವನವರಿಗೆ ಮಂಡಿನೋವು; ಜೊತೆಗೊಬ್ಬರು ಬೇಕು. ಹೀಗೆ ಒಂದು ಬೇಸಿಗೆಯ ರಾತ್ರಿ ಗೊಲ್ಲರಹಟ್ಟಿಯೊಂದರಲ್ಲಿ, ಸೋದರಮಾವಂದಿರ ಹಗೆಯ ಕಥೆಯನ್ನು ಮಾವ ಮತ್ತು ಅಳಿಯ ಇಬ್ಬರೂ ಸ್ನೇಹದಿಂದ ಪಕ್ಕಪಕ್ಕದಲ್ಲಿ ಕುಳಿತು ಕೇಳಿದೆವು.

ಮೊದಲಿಗೆ ನನ್ನ ಕಿವಿಗೆ ಕೊರತೆಗಳೇ ಎದ್ದು ಕಂಡವು. ಗಣೆಯ ನಾದ ಬಹಳ ತಗ್ಗು. ಸ್ವರಕ್ಕಿಂತ ಉಸಿರಿನ ಸದ್ದೇ ಮುಂದಾಗಿ ಬರುತ್ತದೆ. ರಾಗವು ಕೆಲವೇ ಸ್ವರಗಳ ಆವರಣದೊಳಗೆ ಸುತ್ತುತ್ತದೆ. ಒಂದೇ ಧಾಟಿ ಹತ್ತು ಸಲ, ಐವತ್ತು ಸಲ ಮರಳಿ ಬರುತ್ತದೆ. ಏರಿ ಏರಿ ಒಂದು ಶಿಖರವನ್ನು ಮುಟ್ಟಿ, ಅಲ್ಲಿ ಕೇಳುಗನನ್ನು ರೋಮಾಂಚನಗೊಳಿಸಿ ಇಳಿಯುವ ಕ್ರಮ ಇಲ್ಲಿಲ್ಲ. ಕೇಳುಗರೂ ನಾವು ಕಲಿತ ಶಿಸ್ತಿನವರಲ್ಲ. ಕೆಲವರು ಎದ್ದು ಹೋಗುತ್ತಾರೆ, ಬರುತ್ತಾರೆ. ಮಕ್ಕಳು ನಿದ್ದೆ ಹೋಗುತ್ತವೆ. ಹಿರಿಯರು ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ. ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಇದನ್ನೇ ನಗರದ ಸಭಾಂಗಣವೊಂದರಲ್ಲಿ ಕೇಳಿದ್ದರೆ ಅರ್ಧ ಗಂಟೆಯಲ್ಲಿ ಹೊರಗೆ ಬರುತ್ತಿದ್ದೆನೆಂದು ತೋರುತ್ತದೆ.

ಆದರೆ ಜೊತೆಗೆ ಬಂದವನು ಹೊರಡುವಂತಿಲ್ಲ. ಹೊರಡುವಂತಿಲ್ಲದ ಸ್ಥಿತಿಯಲ್ಲಿ ಕಿವಿಯು ಮೊದಲು ಬೇಸರಪಡುತ್ತದೆ. ಬಳಿಕ ಬೇಸರಕ್ಕೂ ದಣಿವಾಗುತ್ತದೆ. ಆಮೇಲೆ ಬೇರೊಂದು ಬಗೆಯಲ್ಲಿ ಕೇಳಲು ತೊಡಗುತ್ತದೆ. ಆಗ ನನಗೆ ಸ್ಪಷ್ಟವಾದ ಕೆಲವು ಸಂಗತಿಗಳನ್ನು ವಿಮರ್ಶೆಯ ದೃಷ್ಟಿಯಿಂದ ಇಲ್ಲಿ ಹೇಳಬೇಕು.

ಮೊದಲನೆಯದು, ಆ ಉಸಿರು. ಕೊಳವೆ ಉದ್ದವಾದಷ್ಟೂ ಅದರ ಸ್ವರ ತಗ್ಗುತ್ತದೆ. ಉದ್ದ ಇಮ್ಮಡಿಯಾದರೆ ಸ್ವರ ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ನಾವು ಗೌರವದಿಂದ ಕಾಣುವ ದೇವಾಲಯದ ಆರ್ಗನ್ ವಾದ್ಯವೂ ಇದೇ ನಿಯಮಕ್ಕೆ ಒಳಪಟ್ಟದ್ದು. ಅದೂ ಗಾಳಿ ತುಂಬಿದ ಕೊಳವೆಗಳ ಸಾಲೇ. ಆದರೆ ಆರ್ಗನ್ ತನ್ನ ಉಸಿರನ್ನು ಮರೆಮಾಡುತ್ತದೆ. ಅದರ ಗಾಳಿ ಯಂತ್ರದಿಂದ ಬರುವುದರಿಂದ ಸ್ವರಕ್ಕೆ ಆಯಾಸವೆಂಬುದಿಲ್ಲ. ಗಣೆ ತನ್ನ ಉಸಿರನ್ನು ಮುಚ್ಚಿಡುವುದಿಲ್ಲ. ಊದುವವನ ಎದೆಯ ಅಳತೆಯೇ ಅದರ ನಾದದ ಅಳತೆ. ಉಸಿರು ಮುಗಿದಲ್ಲಿ ನಾದ ಮುಗಿಯುತ್ತದೆ. ಅಲ್ಲಿಂದ ಮಾತು ಆರಂಭವಾಗುತ್ತದೆ. ಮಾತು ನಿಂತಲ್ಲಿ ಮತ್ತೆ ನಾದ. ನಾನು ಮೊದಲು ದೋಷವೆಂದು ಎಣಿಸಿದ ಆ ಸದ್ದು ವಾಸ್ತವವಾಗಿ ಈ ಕಲೆಯ ಒಡಲು. ಮಳೆ ಕಡಿಮೆಯಾದ, ಮರ ವಿರಳವಾದ ಬಯಲಿನಲ್ಲಿ ದನಗಳ ಹಿಂದೆ ಒಂಟಿಯಾಗಿ ನಡೆಯುವ ಮನುಷ್ಯನ ಉಸಿರು ಅದರೊಳಗಿದೆ.

ಎರಡನೆಯದು, ಪುನರಾವೃತ್ತಿ. ಒಂದೇ ಧಾಟಿ ಮರಳಿ ಮರಳಿ ಬರುವುದನ್ನು ಬಡತನವೆಂದು ಕರೆಯುವ ಮೊದಲು ನಾವು ನಮ್ಮ ಪರಂಪರೆಯನ್ನೇ ನೋಡಿಕೊಳ್ಳುವುದು ಒಳಿತು. ಧರ್ಮಸಭೆಯು ಶತಮಾನಗಳಿಂದ ಕೀರ್ತನೆಗಳನ್ನು ಹಾಡುತ್ತ ಬಂದಿರುವುದು ಹೇಗೆ? ಒಂದು ಸರಳವಾದ ಪಠಣಸ್ವರವನ್ನು ಹಿಡಿದು, ಚರಣದ ಬಳಿಕ ಚರಣವನ್ನು ಅದೇ ಧಾಟಿಯಲ್ಲಿ ಹೇಳುತ್ತ ಬಂದಿದೆ. ಜಪಸರದಲ್ಲಿ ನಾವು ಒಂದೇ ಪ್ರಾರ್ಥನೆಯನ್ನು ಮಣಿಮಣಿಗೂ ಉಚ್ಚರಿಸುತ್ತೇವೆ. ಸಂತರ ಪ್ರಾರ್ಥನಾಮಾಲೆಯಲ್ಲಿ ಹೆಸರುಗಳು ಬದಲಾಗುತ್ತವೆ, ಬೇಡಿಕೆ ಬದಲಾಗುವುದಿಲ್ಲ. ಅಲ್ಲಿ ಧಾಟಿಯ ಕೆಲಸ ನಮ್ಮನ್ನು ಬೆರಗುಗೊಳಿಸುವುದಲ್ಲ, ಅರ್ಥವನ್ನು ಹೊತ್ತು ಸಾಗಿಸುವುದು. ಗಣೆ ಗಾಯನದ ಧಾಟಿಯೂ ಅಂಥ ಒಂದು ಬಂಡಿ. ಅದರಲ್ಲಿ ರಾತ್ರಿಯಿಡೀ ಕಥೆಯನ್ನು ಸಾಗಿಸಬೇಕು. ಬಂಡಿಯೇ ಕುಣಿಯತೊಡಗಿದರೆ ಹೇರಿದ ಸರಕು ದಾರಿಯಲ್ಲಿ ಚೆಲ್ಲಿಹೋದೀತು.

ಮೂರನೆಯದು, ಕೇಳುಗರ ನಡತೆ. ಮಾವನವರು ನಡುವೆ ಎರಡು ಬಾರಿ ತೂಕಡಿಸಿದರು. ಎಚ್ಚರವಾದಾಗ ಕಥೆ ಎಲ್ಲಿಗೆ ಬಂದಿದೆಯೆಂದು ಯಾರನ್ನೂ ಕೇಳಲಿಲ್ಲ. ಅವರಿಗೆ ಕಥೆ ತಿಳಿದಿದೆ. ಅಲ್ಲಿದ್ದ ಎಲ್ಲರಿಗೂ ತಿಳಿದಿದೆ. ತಿಳಿದ ಕಥೆಯನ್ನು ಮತ್ತೆ ಕೇಳುವುದು ಕುತೂಹಲದಿಂದಲ್ಲ, ಅದರೊಳಗೆ ಮತ್ತೊಮ್ಮೆ ವಾಸಿಸುವುದಕ್ಕಾಗಿ. ಪ್ರತಿ ವರ್ಷ ಶುಭ ಶುಕ್ರವಾರದಂದು ಸಂತ ಯೊವಾನ್ನರು ಬರೆದ ಪ್ರಭುವಿನ ಯಾತನೆಯ ಕಥನವನ್ನು ನಾವು ನಿಂತು ಆಲಿಸುತ್ತೇವೆ. ಅದರ ಅಂತ್ಯ ನಮ್ಮಲ್ಲಿ ಯಾರಿಗೆ ತಿಳಿಯದು? ಆದರೂ ಪ್ರಭು ಪ್ರಾಣಬಿಟ್ಟರೆಂಬ ವಾಕ್ಯ ಬಂದಾಗ ಮಂಡಿಯೂರುತ್ತೇವೆ. ತಿಳಿದದ್ದನ್ನು ಕೇಳುವ ಈ ಬಗೆಯನ್ನು ಬಲ್ಲವರಿಗೆ ಗೊಲ್ಲರಹಟ್ಟಿಯ ರಾತ್ರಿ ಪೂರ್ತಿ ಅಪರಿಚಿತವಾಗಿರಲಾರದು.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪವನ್ನೂ ಹೇಳಬೇಕು. ಮೆಚ್ಚುಗೆಯೇ ವಿಮರ್ಶೆಯಲ್ಲ. ಆ ರಾತ್ರಿ ಗಾಯಕನ ಮುಂದೆ ಧ್ವನಿವರ್ಧಕವನ್ನು ಇಟ್ಟಿದ್ದರು. ಅದರಿಂದ ಮಾತು ದೂರದವರಿಗೂ ತಲುಪಿತು, ನಿಜ. ಆದರೆ ಗಣೆಯ ಉಸಿರು ಅದರಲ್ಲಿ ಬಿರುಗಾಳಿಯ ಸದ್ದಿನಂತಾಗಿ, ಸೂಕ್ಷ್ಮವಾದ ಏರಿಳಿತಗಳು ಅಳಿಸಿಹೋದವು. ಸ್ವಲ್ಪ ಹೊತ್ತು ವಿದ್ಯುತ್ ಹೋಗಿ ಯಂತ್ರ ಮೌನವಾದಾಗಲೇ ಗಣೆಯ ನಿಜವಾದ ನಾದ ನನಗೆ ಕೇಳಿಸಿದ್ದು. ಹತ್ತಿರ ಕುಳಿತು ಕೇಳಬೇಕಾದ ಕಲೆಯನ್ನು ಊರಿಗೆಲ್ಲ ಒಮ್ಮೆಗೇ ಕೇಳಿಸಹೊರಟರೆ ಕಲೆಯೂ ಉಳಿಯದು, ಊರೂ ಕೇಳದು. ನಮ್ಮ ದೇವಾಲಯಗಳ ಹಬ್ಬಗಳಿಗೂ ಈ ಮಾತು ಸಲ್ಲುತ್ತದೆ.

ಗಣೆಯ ಗಾಯನ ನನಗೆ ಪ್ರಿಯವಾಯಿತೇ ಎಂದು ಕೇಳಿದರೆ, ಇಲ್ಲವೆಂದೇ ಉತ್ತರ. ಇಂದಿಗೂ ನನ್ನ ಮನಸ್ಸು ತಾನಾಗಿ ಹರಿಯುವುದು ಮೇಳಗೀತೆಗಳ ಕಡೆಗೇ. ಪ್ರೀತಿಪಾತ್ರರ ಜೊತೆಗೆ ಹೋದ ಮಾತ್ರಕ್ಕೆ ಅಭಿರುಚಿ ಬದಲಾಗಬೇಕೆಂದಿಲ್ಲ. ಬದಲಾಯಿತೆಂದು ನಟಿಸುವುದು ಅವರಿಗೆ ಮಾಡುವ ಅವಮಾನ. ಬದಲಾಗಬೇಕಾದದ್ದು ನಮ್ಮ ತೀರ್ಪಿನ ಭಾಷೆ. ‘ಹಿಡಿಸಲಿಲ್ಲ’ ಎಂಬ ಮಾತನ್ನು ಪ್ರಾಮಾಣಿಕವಾಗಿ ಉಳಿಸಿಕೊಂಡೇ ‘ಚೆನ್ನಾಗಿದೆ’ ಎಂಬ ಮಾತನ್ನು ಕಾರಣಸಹಿತವಾಗಿ ಹೇಳಲು ಸಾಧ್ಯವಿದೆ. ಈ ಎರಡನ್ನೂ ಒಂದೇ ಬಾಯಿಂದ ಹೇಳಬಲ್ಲವನನ್ನು ನಾನು ವಿಮರ್ಶಕನೆಂದು ಕರೆಯುತ್ತೇನೆ.

ಬೆಳಗಿನ ಜಾವ ಹಿಂದಿರುಗುವಾಗ ಮಾವನವರು ತಾವಾಗಿಯೇ ಒಂದು ಮಾತು ಹೇಳಿದರು. “ನಿಮ್ಮ ಹಾಡುಗಳೂ ಚೆನ್ನಾಗೇ ಇರ್ತವೆ ಅಳಿಯಂದ್ರೇ. ಆದ್ರೆ ಬೇಗ ಮುಗಿದೋಗ್ತವೆ. ನನ್ನ ಮನ್ಸು ಒಳಗೆ ಬಂದು ಕುಂತ್ಕಳೋ ಅಷ್ಟರಲ್ಲಿ ನೀವು ಎದ್ದು ನಿಂತಿರ್ತೀರಿ.”

ಈ ಮಾತಿನಲ್ಲಿ ದೂರಿರಲಿಲ್ಲ. ಆದರೆ ಅದು ನಮ್ಮ ಗಾನವೃಂದಗಳ ಬಗ್ಗೆ ನಾನು ಕೇಳಿರುವ ಅತ್ಯಂತ ಸೂಕ್ಷ್ಮವಾದ ವಿಮರ್ಶೆ. ಅವರು ನಾಲ್ಕು ದಶಕಗಳಿಂದ ಪ್ರತಿ ಭಾನುವಾರ ನಮ್ಮ ಹಾಡುಗಳ ಪಕ್ಕದಲ್ಲಿ ಕುಳಿತು ಬಂದವರು. ತಮ್ಮ ಕಿವಿಗೆ ಒಗ್ಗಿದೆಯೇ ಎಂದು ಯಾರೂ ಅವರನ್ನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಮಡದಿ ಮಕ್ಕಳು, ಮೊಮ್ಮಕ್ಕಳು ಅಲ್ಲಿ ಹಾಡುತ್ತಿದ್ದರೆಂಬುದೇ ಅವರಿಗೆ ಸಾಕಾಗಿತ್ತು. ನಾನು ಒಂದು ರಾತ್ರಿ ಮಾಡಿದ್ದನ್ನು ಅವರು ಒಂದು ಆಯುಷ್ಯವೆಲ್ಲ ಮಾಡಿದ್ದರು. ಜೊತೆಗೆ ಹೋಗುವವರ ಬಗ್ಗೆ ಮಾತನಾಡುವಾಗ ನಾವು ಸಾಮಾನ್ಯವಾಗಿ ನಗರದಿಂದ ಹಳ್ಳಿಗೆ, ಓದಿದವರಿಂದ ಓದದವರ ಕಡೆಗೆ ಹೋಗುವ ದಾರಿಯನ್ನಷ್ಟೇ ನೆನೆಯುತ್ತೇವೆ. ಎದುರು ದಿಕ್ಕಿನಿಂದ ಸದ್ದಿಲ್ಲದೆ ನಡೆದು ಬಂದವರ ಸಂಖ್ಯೆ ಬಹಳ ದೊಡ್ಡದು. ನಮ್ಮ ದೇವಾಲಯಗಳ ಹಿಂದಿನ ಸಾಲುಗಳಲ್ಲಿ ಅವರು ಇಂದಿಗೂ ಕುಳಿತಿದ್ದಾರೆ.

ಸಂತ ಲೂಕರ ಶುಭಸಂದೇಶದ 15ನೆಯ ಅಧ್ಯಾಯದಲ್ಲಿ ಬರುವ ದುಂದುಗಾರ ಮಗನ ಸಾಮತಿಯಲ್ಲಿ ಈ ವಿಷಯಕ್ಕೆ ಹತ್ತಿರವಾದ ಒಂದು ಸನ್ನಿವೇಶವಿದೆ. ಹೊಲದಿಂದ ಹಿಂದಿರುಗಿದ ಹಿರಿಯ ಮಗನಿಗೆ ಮನೆಯೊಳಗಿನಿಂದ ವಾದ್ಯ, ನರ್ತನಗಳ ಸದ್ದು ಕೇಳಿಸುತ್ತದೆ. ಆತ ಒಳಗೆ ಹೋಗುವುದಿಲ್ಲ. ಹೊರಗೆ ನಿಂತು ಆಳೊಬ್ಬನನ್ನು ಕರೆದು ವಿಚಾರಿಸುತ್ತಾನೆ. ತನ್ನ ಮನೆಯ ಸಂಗೀತವನ್ನು ಆತ ಹೊರಗಿನಿಂದಲೇ ಕೇಳುತ್ತಾನೆ; ಹೊರಗಿನಿಂದ ಕೇಳಿದ್ದರಿಂದ ಅದು ಅವನಿಗೆ ಬರಿಯ ಗದ್ದಲವಾಗುತ್ತದೆ. ಆಗ ತಂದೆಯೇ ಹೊರಗೆ ಬರುತ್ತಾನೆ. ಇಲ್ಲಿ ಗಮನಿಸಬೇಕಾದದ್ದು ಇಷ್ಟು: ಸಂಗೀತ ಇಂಪಾಗಿದೆ, ಬಂದು ಕೇಳು ಎಂದು ತಂದೆ ಕರೆಯುವುದಿಲ್ಲ. ಸತ್ತಂತಿದ್ದ ನಿನ್ನ ತಮ್ಮ ಬದುಕಿ ಬಂದಿದ್ದಾನೆಂಬುದನ್ನು ನೆನಪಿಸುತ್ತಾನೆ. ಒಳಗೆ ಬರಲು ಕಾರಣ ಹಾಡಲ್ಲ, ಹಾಡಿನ ನಡುವೆ ಇರುವ ಮನುಷ್ಯ. ಹಿರಿಯ ಮಗ ಕೊನೆಗೆ ಒಳಗೆ ಹೋದನೇ ಎಂಬುದನ್ನು ಪ್ರಭು ಹೇಳದೆ ಬಿಟ್ಟಿದ್ದಾರೆ; ಆ ತೀರ್ಮಾನ ಕೇಳುವವರಿಗೆ ಸೇರಿದ್ದು.

ಆದರೆ ಅನ್ಯರ ದೈವವನ್ನು ಸ್ತುತಿಸುವ ಗಾಯನಕ್ಕೆ ಕ್ರೈಸ್ತನು ಹೋಗಿ ಕೂರಬಹುದೇ ಎಂಬ ಪ್ರಶ್ನೆ ಕೆಲವು ಓದುಗರಲ್ಲಿ ಮೂಡಿದ್ದರೆ ಅದು ಸಹಜ; ಅದನ್ನು ಹಗುರವಾಗಿ ಕಾಣಬಾರದು. ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಹತ್ತನೆಯ ಭಾಗದಲ್ಲಿ ಇಂಥದೇ ಒಂದು ತಳಮಳವನ್ನು ತೋಡಿಕೊಂಡಿದ್ದಾರೆ. ಹಾಡಿದ ವಿಷಯಕ್ಕಿಂತ ಹಾಡಿನ ಇಂಪೇ ತಮ್ಮನ್ನು ಹೆಚ್ಚಾಗಿ ಸೆಳೆದರೆ ಅದನ್ನು ಪಾಪವೆಂದೇ ಅವರು ಎಣಿಸಿದರು. ಆದರೂ ಧರ್ಮಸಭೆಯಲ್ಲಿ ಗಾಯನವಿರಬೇಕೆಂಬ ಕಡೆಗೇ ಅವರ ಮನಸ್ಸು ವಾಲಿತು. ಕೇಳುವುದಕ್ಕೂ ಆರಾಧಿಸುವುದಕ್ಕೂ ವ್ಯತ್ಯಾಸವಿದೆ. ಮಾವನವರು ಅಲ್ಲಿ ಪೂಜೆ ಸಲ್ಲಿಸಲಿಲ್ಲ. ಹಟ್ಟಿಯವರು ಅದನ್ನು ನಿರೀಕ್ಷಿಸಲೂ ಇಲ್ಲ. ತಮ್ಮ ಜೊತೆಗೆ ದನ ಕಾಯ್ದ ಗೆಳೆಯನ ಮನೆಗೆ ಬಂದವರೆಂದು ಅವರಿಗೆ ಚಾಪೆ ಹಾಸಿಕೊಟ್ಟರು. 1965ರ ಅಕ್ಟೋಬರ್ 28ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಕ್ರೈಸ್ತೇತರ ಧರ್ಮಗಳನ್ನು ಕುರಿತ ಘೋಷಣೆಯು, ಆ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಸಾರಿತು. ದನಗಳ ಮೇಲಿನ ಮಮತೆ, ಬಂಧುಗಳ ದ್ರೋಹದ ನೋವು, ಸತ್ತವನನ್ನು ಮರೆಯಲಾರದ ಜನರ ನೆನಪು, ಇವು ನಮಗೆ ಪರಕೀಯವಾದ ಭಾವಗಳಲ್ಲ.

ಇದೇ ಮಹಾಸಭೆ 1963ರ ಡಿಸೆಂಬರ್ 4ರಂದು ಪ್ರಕಟಿಸಿದ ಪವಿತ್ರ ಆರಾಧನೆಯ ಸಂವಿಧಾನದಲ್ಲಿ ಎರಡು ಪರಿಚ್ಛೇದಗಳು ಅಕ್ಕಪಕ್ಕದಲ್ಲಿವೆ. 119ನೆಯದು, ಧರ್ಮಪ್ರಚಾರದ ನಾಡುಗಳ ಜನರ ಸ್ವಂತ ಸಂಗೀತ ಪರಂಪರೆಗೆ ತಕ್ಕ ಮನ್ನಣೆ ಕೊಡಬೇಕೆನ್ನುತ್ತದೆ. 120ನೆಯದು ಆರ್ಗನ್ ವಾದ್ಯಕ್ಕೆ ಗೌರವದ ಸ್ಥಾನವನ್ನು ನೀಡಿ, ಯೋಗ್ಯವಾದ ಇತರ ವಾದ್ಯಗಳಿಗೂ ಬಾಗಿಲು ತೆರೆಯುತ್ತದೆ. ಕನ್ನಡದಲ್ಲಿ ಈ ದಾರಿ ಅದಕ್ಕೂ ಹಳೆಯದು. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ 1862ರಲ್ಲಿಯೇ ತಮ್ಮ ‘ಕಥಾಮಾಲೆ’ಯಲ್ಲಿ ಕ್ರಿಸ್ತಕಥೆಯನ್ನು ಷಟ್ಪದಿಯಲ್ಲಿ ಹೇಳಿದರು. 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎನ್.ಬಿ.ಸಿ.ಎಲ್.ಸಿ. ಕೇಂದ್ರ ಆರಾಧನೆಯನ್ನು ಭಾರತದ ಸಂಸ್ಕೃತಿಯೊಡನೆ ಬೆಸೆಯಲು ಶ್ರಮಿಸಿತು. ಇವು ಗೌರವಾರ್ಹ ಪ್ರಯತ್ನಗಳು. ಆದರೂ ಒಂದು ಮಾತನ್ನು ಹೇಳಲೇಬೇಕು: ಸಂಸ್ಕೃತಿಯೆಂದಾಗ ನಮ್ಮ ಕಣ್ಣು ಹೆಚ್ಚಾಗಿ ಶಾಸ್ತ್ರೀಯ ರಾಗಗಳ ಮೇಲೆ, ಶಾಸ್ತ್ರೀಯ ನೃತ್ಯದ ಮೇಲೆ ನೆಟ್ಟಿತು. ಹಟ್ಟಿಯ, ಹೊಲದ, ಕೇರಿಯ ಧಾಟಿಗಳು ಬಾಗಿಲ ಹೊರಗೇ ಉಳಿದವು. ಗಣೆಯನ್ನು ತಂದು ಬಲಿಪೂಜೆಯಲ್ಲಿ ಊದಿಸಬೇಕೆಂಬುದು ನನ್ನ ಸಲಹೆಯಲ್ಲ. ಅದು ಆ ಜನರ ಪವಿತ್ರ ವಸ್ತು. ಅದನ್ನು ನಮ್ಮ ಅಲಂಕಾರಕ್ಕೆ ಎರವಲು ತರುವುದು ಸಲ್ಲದು. ನಮ್ಮ ಹಿಂದಿನ ಸಾಲುಗಳಲ್ಲಿ ಕುಳಿತವರ ಕಿವಿಯಲ್ಲಿ ಯಾವ ಧಾಟಿಗಳಿವೆಯೆಂದು ವಿಚಾರಿಸುವುದು ಮಾತ್ರ ನಮ್ಮ ಕರ್ತವ್ಯ.

ಭಾರತೀಯ ಕಾವ್ಯಮೀಮಾಂಸೆಯಲ್ಲಿ ಕಾವ್ಯವನ್ನು ಸವಿಯಬಲ್ಲವನಿಗೆ ಸಹೃದಯನೆಂಬ ಹೆಸರಿದೆ. ಈ ಮೀಮಾಂಸೆಯನ್ನು 1953ರಷ್ಟು ಹಿಂದೆಯೇ ಕನ್ನಡದಲ್ಲಿ ಸಮಗ್ರವಾಗಿ ನಿರೂಪಿಸಿದ ತೀ.ನಂ. ಶ್ರೀಕಂಠಯ್ಯನವರು ಶಿರಾದ ನೆರೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರೆಂಬುದು ಇಲ್ಲಿ ನೆನೆಯತಕ್ಕದ್ದು. ಅಭ್ಯಾಸದಿಂದ ತಿಳಿಯಾದ ಮನಸ್ಸುಳ್ಳವನು ಸಹೃದಯನೆಂದು ಶಾಸ್ತ್ರ ಹೇಳುತ್ತದೆ. ಆದರೆ ಅಭ್ಯಾಸವಿಲ್ಲದ ಕಲೆಯ ಮುಂದೆ ಕುಳಿತವನು ಏನು ಮಾಡಬೇಕು? ಆತನಿಗೆ ಆ ಕಲೆಯೊಡನೆ ಹೃದಯ ಕೂಡಿಲ್ಲ. ಆದರೆ ಅದನ್ನು ಪ್ರೀತಿಸುವವರೊಡನೆ ಕೂಡಿದೆ. ಆ ಒಂದು ಎಳೆಯನ್ನು ಹಿಡಿದು ಆತ ಒಳಗೆ ಪ್ರವೇಶಿಸಬಹುದು. ಕಚೇರಿಯಲ್ಲಿ ಪಕ್ಕವಾದ್ಯದವನು ತನಗೆ ಬೇಕಾದ ರಾಗವನ್ನು ನುಡಿಸುವುದಿಲ್ಲ. ಹಾಡುವವನ ದಾರಿಯನ್ನೇ ಅನುಸರಿಸಿ, ಎಡೆ ಸಿಕ್ಕಾಗ ತುಂಬಿ, ಉಳಿದಾಗ ಸುಮ್ಮನಿರುತ್ತಾನೆ. ಜೊತೆಗೆ ಹೋದ ಕೇಳುಗನ ಧರ್ಮವೂ ಅದೇ. ಗಾಯನದ ನಡುವೆ ಗಡಿಯಾರ ನೋಡದಿರುವುದು, ಅರ್ಥವಾಗದ್ದನ್ನು ಆಗಲೇ ಕೇಳಿ ಅವರ ಏಕಾಗ್ರತೆಯನ್ನು ಕೆಡಿಸದಿರುವುದು, ಹಿಂದಿರುಗುವ ದಾರಿಯಲ್ಲಿ ಅವರು ಕೇಳುವ ಮೊದಲೇ ತೀರ್ಪು ನೀಡದಿರುವುದು ಸಣ್ಣ ಸಂಗತಿಗಳೆಂದು ತೋರಬಹುದು. ನಾನು ಸುಮ್ಮನಿದ್ದುದರಿಂದಲೇ ಮಾವನವರು ಆ ಬೆಳಗಿನ ಜಾವ ತಮ್ಮ ಮನಸ್ಸಿನ ಮಾತನ್ನು ಆಡಿದರೆಂದು ನಂಬುತ್ತೇನೆ.

ಮುಂದಿನ ಹಬ್ಬದ ಹಾಡುಗಳನ್ನು ಆರಿಸಲು ನಮ್ಮ ಗಾನವೃಂದಗಳು ಸೇರಿದಾಗ, ಧರ್ಮಕೇಂದ್ರದ ಹಿರಿಯರೊಬ್ಬರನ್ನಾದರೂ ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಅವರ ಬಾಲ್ಯದ ಒಂದು ಧಾಟಿಯನ್ನು ಹೇಳಿಸಲಿ. ಅದನ್ನು ಹಾಡಲೇಬೇಕೆಂಬ ನಿಯಮವೇನೂ ಬೇಡ. ಅವರ ಧಾಟಿ ಮುಗಿಯುವವರೆಗೆ ಯಾರೂ ಏಳದೆ ಕುಳಿತು ಕೇಳಿದರೆ ಸಾಕು.